ಮಳೆಗಾಲಕ್ಕೆಂದು ಒಂದು ಹಳೇ ಜೀಪು ಬೇಕಾ? ಬಣಕಲ್ ಕಡೆಯ ಒಂದು ಮನೆಯ ಲೆಕ್ಕ

ಮೂಡಿಗೆರೆ ತಾಲ್ಲೂಕು, ಬಣಕಲ್ ಹೋಬಳಿ. ಸಣ್ಣ ಕಾಫಿ ಬೆಳೆಗಾರರ ಮನೆ. ಟಾರ್ ರಸ್ತೆಯಿಂದ ಒಳಗೆ ಒಂದೂಕಾಲು ಕಿಲೋಮೀಟರ್ ಮಣ್ಣು ದಾರಿ. ಮನೆಯಲ್ಲಿರುವುದು 2021ರ ಪೆಟ್ರೋಲ್ ಸ್ವಿಫ್ಟ್. 2025ರ ಮಳೆಗಾಲ ಮುಗಿಯುವ ಹೊತ್ತಿಗೆ ಆ ಮನೆಯಲ್ಲಿ ಒಂದೇ ಮಾತು. ಕಡಿಮೆ ಬೆಲೆಗೆ ಒಂದು ಹಳೇ ಜೀಪು ತಂದುಕೊಂಡು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ವಿಫ್ಟನ್ನು ಶೆಡ್ಡಿನಲ್ಲೇ ನಿಲ್ಲಿಸಿಬಿಟ್ಟರೆ ಹೇಗೆ?

ನಾನು ಮೂಡಿಗೆರೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವವನು. ಅವರು ನನ್ನ ಹತ್ತಿರ ಬಂದಿದ್ದು ಜೀಪು ಪರೀಕ್ಷೆ ಮಾಡಿಸಲು. ಆದರೆ ಜೀಪು ಚೆನ್ನಾಗಿದೆಯಾ ಎನ್ನುವುದಕ್ಕಿಂತ ಅದು ಬೇಕಾ ಎನ್ನುವುದು ದೊಡ್ಡ ಪ್ರಶ್ನೆ ಅನ್ನಿಸಿತು. ಹಾಗಾಗಿ ಒಂದು ಭಾನುವಾರ ಅವರ ಮನೆಗೇ ಹೋಗಿ, ದಾರಿಯನ್ನು ನಡೆದು ನೋಡಿ, ಬಿಲ್ಲುಗಳನ್ನು ಹರಡಿಕೊಂಡು ಕೂತೆವು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದೇ ಯೋಚನೆ ನಡೆಯುತ್ತಿರುತ್ತದೆ. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಮನೆಯವರು ಮತ್ತು ಅವರ ಓಡಾಟ

ಯಜಮಾನರಿಗೆ ಅರವತ್ತೈದು ದಾಟಿದೆ. ಅವರ ಹೆಂಡತಿಗೆ ಹೃದಯದ ತೊಂದರೆ ಇದೆ, ಆಗಾಗ ಮಂಗಳೂರಿನಲ್ಲಿ ತೋರಿಸಬೇಕು. ದೊಡ್ಡ ಮಗ ತೋಟ ನೋಡಿಕೊಳ್ಳುತ್ತಾರೆ. ಸೊಸೆ ಮೂಡಿಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅವರ ಮಗಳು ಅಲ್ಲೇ ಶಾಲೆಗೆ ಹೋಗುತ್ತಾಳೆ. ಕಿರಿಯ ಮಗ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾರೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಮಳೆಗಾಲದಲ್ಲಿ ದಿನಾ ಗಾಡಿ ಹೊರಗೆ ತೆಗೆಯುವುದು ಯಜಮಾನರೂ ಅಲ್ಲ, ಮಗನೂ ಅಲ್ಲ. ಸೊಸೆ. ಬೆಳಗಿನ ಶಿಫ್ಟಿಗೆ ಕತ್ತಲು ಹರಿಯುವ ಮೊದಲೇ ಹೊರಡಬೇಕು. ರಾತ್ರಿ ಶಿಫ್ಟಿದ್ದರೆ ಮಂಜಿನಲ್ಲೇ ವಾಪಸ್ಸು. ಜೀಪಿನ ಮಾತು ಶುರುವಾದಾಗ ಅವರನ್ನು ಯಾರೂ ಕೇಳಿರಲಿಲ್ಲ.

ಸ್ವಿಫ್ಟ್ ಈ ಮಳೆಗಾಲದಲ್ಲಿ ಅನುಭವಿಸಿದ್ದೇನು? ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಗಾರ್ಡ್ ಕಲ್ಲಿಗೆ ತಾಗಿ ಹರಿಯಿತು. ಮುಂದಿನ ಬ್ರೇಕ್ ಪ್ಯಾಡ್ ಕೆಸರು ತುಂಬಿ ಬೇಗ ಸವೆಯಿತು. ಒಂದು ವೀಲ್ ಬೇರಿಂಗ್ ಸದ್ದು ಮಾಡಿತು. ಏರಿನಲ್ಲಿ ಸಿಕ್ಕಿಕೊಂಡಾಗ ಪಕ್ಕದ ತೋಟದ ಟ್ರ್ಯಾಕ್ಟರ್ ಕರೆಸಿ ಎಳೆಸಿದರು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಎಲ್ಲ ಬಿಲ್ಲು ಕೂಡಿದರೆ 14,600 ರೂಪಾಯಿ. ‘ಒಳ್ಳೇ ಗಾಡಿ ಹಾಳಾಗ್ತಿದೆ’ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಆದರೆ ಎಷ್ಟು ಹಾಳಾಯಿತು ಎಂದು ಮೊದಲ ಬಾರಿ ಕೂಡಿ ನೋಡಿದ್ದು ಅವತ್ತೇ.

ಆ ಒಂದೂಕಾಲು ಕಿಲೋಮೀಟರ್

ದಾರಿಯನ್ನು ನಡೆದು ನೋಡಿದರೆ ಗೊತ್ತಾಗುತ್ತದೆ, ತೊಂದರೆ ಇರುವುದು ಇಡೀ ದಾರಿಯಲ್ಲಲ್ಲ. ಟಾರ್ ರಸ್ತೆ ಬಿಟ್ಟ ಮೇಲೆ ಅರ್ಧದವರೆಗೂ ಗಟ್ಟಿ ನೆಲ. ಸ್ವಲ್ಪ ಹಳ್ಳ–ದಿಣ್ಣೆ ಇದೆ, ಅಷ್ಟೇ. ಆಮೇಲೆ ಒಂದು ಹಳ್ಳ ಅಡ್ಡ ಬರುತ್ತದೆ. ಅದಕ್ಕೆ ಎರಡಡಿ ಅಗಲದ ಒಂದೇ ಹ್ಯೂಮ್ ಪೈಪ್ (ಸಿಮೆಂಟಿನ ದೊಡ್ಡ ಕೊಳವೆ) ಹಾಕಿ ಮೋರಿ ಮಾಡಿದ್ದಾರೆ. ಬಿದಿರೆಲೆ, ಕೊಂಬೆ ಬಂದು ಪೈಪಿನ ಬಾಯಿಗೆ ಕಟ್ಟಿಕೊಂಡರೆ ನೀರು ದಾರಿಯ ಮೇಲೆ ಹರಿಯುತ್ತದೆ.

ಮೋರಿ ದಾಟಿದ ಕೂಡಲೇ ಏರು. ಸುಮಾರು ಇನ್ನೂರು ಅಡಿ ಉದ್ದ. ಕೆಂಪು ಜೇಡಿ ಮಣ್ಣು. ಮೇಲಿನ ತೋಟದ ನೀರೆಲ್ಲ ಚರಂಡಿ ಇಲ್ಲದೆ ಈ ಏರಿನಲ್ಲೇ ಇಳಿಯುತ್ತದೆ. ಆರಿದ್ರಾ ಮಳೆ ಹಿಡಿದರೆ ಇದು ಜಾರುಬಂಡೆಯಾಗುತ್ತದೆ. ಏರು ಮುಗಿದ ಮೇಲೆ ಮನೆವರೆಗೆ ಸಮತಟ್ಟು.

ಸ್ವಿಫ್ಟ್ ಈ ಏರಿನಲ್ಲಿ ಯಾಕೆ ಸೋಲುತ್ತದೆ ಎಂದು ಹೇಳಿಬಿಡುತ್ತೇನೆ, ಏಕೆಂದರೆ ಜೀಪಿನ ವಾದ ನಿಂತಿರುವುದೇ ಇದರ ಮೇಲೆ. ಸ್ವಿಫ್ಟ್‌ನಲ್ಲಿ ಎಂಜಿನ್ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಏರು ಹತ್ತುವಾಗ ಗಾಡಿಯ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ. ಎಳೆಯುವ ಚಕ್ರಕ್ಕೇ ಹಿಡಿತ ಇಲ್ಲ, ಹಾಗಾಗಿ ನಿಂತಲ್ಲೇ ತಿರುಗುತ್ತದೆ. ಕೆಲವರು ಗಾಡಿಯನ್ನು ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸುತ್ತಾರೆ. ಆಗ ಭಾರ ಎಳೆಯುವ ಚಕ್ರದ ಕಡೆಗೇ ಬೀಳುವುದರಿಂದ ಹತ್ತುತ್ತದೆ, ನಿಜ. ಆದರೆ ಕೆಳಗೆ ತುಂಬಿದ ಹಳ್ಳ ಇರುವಾಗ, ಮಗು ಕೂರಿಸಿಕೊಂಡು ಅಂಥ ಸಾಹಸ ಬೇಡ ಎಂದು ನಾನು ಕೈಮುಗಿದು ಹೇಳುತ್ತೇನೆ.

ಇದರ ಜೊತೆಗೆ ಟೈರು. ಸ್ವಿಫ್ಟ್‌ನ ಮುಂದಿನ ಎರಡೂ ಟೈರು ನೈಸಾಗಿದ್ದವು. ನಮ್ಮ ನಿಯಮದ ಪ್ರಕಾರ ಕಾರಿನ ಟೈರಿನ ಗೀರು ಕನಿಷ್ಠ 1.6 ಮಿ.ಮೀ. ಆಳ ಇರಬೇಕು. ಗೀರಿನ ನಡುವೆ ಸಣ್ಣ ಉಬ್ಬು ಇರುತ್ತದೆ. ಟೈರು ಸವೆದು ಅದರ ಮಟ್ಟಕ್ಕೆ ಬಂತೆಂದರೆ ಟೈರಿನ ಆಯಸ್ಸು ಮುಗಿಯಿತು. ನನ್ನ ಕೇಳಿದರೆ ಮಲೆನಾಡಿನ ಮಳೆಗೆ ಆ ಆಳ 3 ಮಿ.ಮೀ.ಗೆ ಇಳಿದಾಗಲೇ ಬದಲಿಸಬೇಕು. ಗೀರು ಇರುವುದು ನೀರನ್ನು ಆಚೆ ತಳ್ಳಲು. ಅದಿಲ್ಲದಿದ್ದರೆ ಟಾರ್ ರಸ್ತೆಯಲ್ಲೂ ಟೈರು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೇರಿಂಗೂ ಕೇಳಲ್ಲ, ಬ್ರೇಕೂ ಕೇಳಲ್ಲ.

ಮಾಂಟ್ರಿಯಲ್‌ನಿಂದ ಬಂದ ಸಲಹೆ

ಎರಡನೇ ಗಾಡಿಯ ಮಾತು ಮೊದಲು ಎತ್ತಿದ್ದು ಕಿರಿಯ ಮಗ. ‘ಅಣ್ಣಾ, ಇಲ್ಲಿ ಎಷ್ಟೋ ಜನ ಚಳಿಗಾಲಕ್ಕೇ ಅಂತ ಒಂದು ಹಳೇ ಕಾರು ಇಟ್ಕೊಂಡಿರ್ತಾರೆ. ಒಳ್ಳೇದನ್ನ ಒಳಗೆ ನಿಲ್ಸಿಬಿಡ್ತಾರೆ. ನೀವೂ ಹಂಗೇ ಮಾಡಿ’ ಎಂದು ಫೋನಿನಲ್ಲಿ ಹೇಳಿದ್ದರು.

ಸಲಹೆ ಒಳ್ಳೆಯದೇ. ಆದರೆ ಅಲ್ಲಿನವರು ಹಾಗೆ ಮಾಡುವುದಕ್ಕೆ ಅಲ್ಲಿನದೇ ಕಾರಣ ಇದೆ. ಹಿಮ ಕರಗಲಿ ಎಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪುನೀರು ಕಾರಿನ ತಳಕ್ಕೆ ಎರಚಿ, ಸಂದಿಗೊಂದಿಯಲ್ಲಿ ಕೂತು, ತಗಡನ್ನು ತುಕ್ಕು ಹಿಡಿಸುತ್ತದೆ. ಹಳೇ ಕಾರು ಆ ತುಕ್ಕನ್ನು ಹೊತ್ತುಕೊಂಡರೆ ಹೊಸದು ಉಳಿಯುತ್ತದೆ. ನಮ್ಮ ಬಣಕಲ್‌ನಲ್ಲಿ ಉಪ್ಪಿನ ಕಾಟ ಇಲ್ಲ. ನಮ್ಮಲ್ಲಿ ತುಕ್ಕು ಹಿಡಿಯುವುದು ಗಾಡಿಯ ಅಡಿಯ ಚೌಕಟ್ಟಾದ ಚಾಸಿಯ ಸಂದಿಯಲ್ಲಿ ಒದ್ದೆ ಕೆಸರು ತಿಂಗಳುಗಟ್ಟಲೆ ಕೂತಾಗ. ವಾರಕ್ಕೊಮ್ಮೆ ತಳಕ್ಕೆ ನೀರು ಹೊಡೆದು ತೊಳೆದರೆ ಅದರಲ್ಲಿ ಬಹುಪಾಲು ತಪ್ಪುತ್ತದೆ.

ಅಲ್ಲಿಂದ ನಾವು ಕಲಿಯಬೇಕಾದದ್ದು ಬೇರೆ ಇದೆ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಹಾಕುವುದು ಕಡ್ಡಾಯ. ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿದರೆ ಸಾಮಾನ್ಯ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಹಾಗಾಗಿ ಕಾರು ಹಳೆಯದಾಗಲಿ ಹೊಸದಾಗಲಿ, ಟೈರು ಮಾತ್ರ ಸರಿಯಿರಲೇಬೇಕು ಎಂದು ಕಾನೂನೇ ಹೇಳುತ್ತದೆ. ನಮ್ಮಲ್ಲಿ ಹಳೇ ಗಾಡಿ ಬರುವುದೇ ಸವೆದ ಟೈರಿನ ಜೊತೆ. ‘ಮಳೆಗಾಲಕ್ಕೆ ತಾನೇ, ಇರಲಿ ಬಿಡು’ ಎಂದು ಅದರಲ್ಲೇ ಓಡಿಸುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಜೀಪು

ನೋಡಿದ್ದು 2005ರ ಮಹೀಂದ್ರಾ ಜೀಪು. 2,523 ಸಿಸಿ ಡಿಐ ಡೀಸೆಲ್ ಎಂಜಿನ್. ಹೇಳಿದ ಬೆಲೆ 1,80,000. ಡೀಸೆಲ್ ಆದ್ದರಿಂದ ಸ್ಪಾರ್ಕ್ ಪ್ಲಗ್ ಇಲ್ಲ, ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪ್ ಹಳೇ ಮಾದರಿಯದಾದ್ದರಿಂದ ಎಲೆಕ್ಟ್ರಾನಿಕ್ಸ್ ಇಲ್ಲ. ಮಳೆಯಲ್ಲಿ ನೆನೆದರೂ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಎತ್ತರ ಇದೆ. ಊರಲ್ಲೇ ರಿಪೇರಿ ಆಗುತ್ತದೆ. ಯಜಮಾನರಿಗೆ ಜೀಪು ಎಂದರೆ ಯಾಕೆ ಅಷ್ಟು ನಂಬಿಕೆ ಎಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಈ ಸೀಮೆಯ ತೋಟಗಳನ್ನು ಕಟ್ಟಿದ್ದರಲ್ಲಿ ಜೀಪಿನ ಪಾಲೂ ಇದೆ.

ರ‍್ಯಾಂಪ್ ಮೇಲೆ ಹತ್ತಿಸಿ ನೋಡಿದೆ. ಚಾಸಿಯನ್ನು ಸುತ್ತಿಗೆಯಿಂದ ತಟ್ಟಿಕೊಂಡು ಬಂದರೆ ಎಲ್ಲ ಕಡೆ ಗಣಗಣ ಎನ್ನಬೇಕು. ಹಿಂದಿನ ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಹತ್ತಿರ ಸದ್ದು ಮಂದವಾಗಿತ್ತು, ಅಂದರೆ ಒಳಗೆ ತುಕ್ಕು ತಿಂದಿದೆ. ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಆಯಿಲ್ ತೆಗೆದರೆ ಹಾಲು ಬೆರೆಸಿದ ಕಾಫಿ ಬಣ್ಣ. ನೀರು ಸೇರಿದಾಗಲೇ ಆಯಿಲ್ ಹಾಗಾಗುವುದು. ಫೋರ್ ವೀಲ್ ಲಿವರ್ ಇತ್ತು, ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟೇ ಇರಲಿಲ್ಲ! ಯಾರೋ ಹಿಂದಿನ ಮಾಲೀಕರು ಬಿಚ್ಚಿಸಿಬಿಟ್ಟಿದ್ದಾರೆ. ಹಳೇ ಜೀಪು ಕೊಳ್ಳುವವರು ದಯವಿಟ್ಟು ಬರೀ ಲಿವರ್ ನೋಡಿ ನಂಬಬೇಡಿ. ಒದ್ದೆ ನೆಲದಲ್ಲಿ ಫೋರ್ ವೀಲ್ ಹಾಕಿಸಿ, ನಾಲ್ಕೂ ಚಕ್ರ ಎಳೆಯುತ್ತದೆಯಾ ಎಂದು ಕಣ್ಣಾರೆ ನೋಡಿ. ಒಣ ಟಾರ್ ಮೇಲೆ ಮಾತ್ರ ಈ ಪರೀಕ್ಷೆ ಬೇಡ. ಹಳೇ ಜೀಪಿನಲ್ಲಿ ಮುಂದಿನ–ಹಿಂದಿನ ಆಕ್ಸಲ್ ಒಟ್ಟಿಗೆ ಬಿಗಿದುಕೊಂಡು ತಿರುವಿನಲ್ಲಿ ಗೇರಿಗೆ ಪೆಟ್ಟಾಗುತ್ತದೆ.

ಫೋರ್ ವೀಲ್ ಇಲ್ಲದ ಜೀಪು ಆ ಏರಿನಲ್ಲಿ ಹೇಗೆ? ಎಳೆಯುವುದು ಹಿಂದಿನ ಚಕ್ರ, ಖಾಲಿ ಜೀಪಿನ ಹಿಂಭಾಗ ಹಗುರ. ಹಿಂದೆ ನಾಲ್ಕು ಗೊಬ್ಬರದ ಮೂಟೆ ಹಾಕಿಕೊಂಡರೆ ಹತ್ತುತ್ತದೆ, ಇಲ್ಲದಿದ್ದರೆ ಅದೂ ಜಾರುತ್ತದೆ.

ಕಾಗದಪತ್ರದ ಕಥೆ ಬೇರೆ. ಖಾಸಗಿ ಗಾಡಿಯ ಆರ್‌ಸಿ, ಅಂದರೆ ನೋಂದಣಿ ಪತ್ರ, ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಆರ್‌ಸಿ 2025ರ ಸೆಪ್ಟೆಂಬರ್‌ಗೆ ಮುಗಿದಿತ್ತು. ‘ಎಫ್‌ಸಿ ಮಾಡಿಸ್ಕೊಂಡ್ರಾಯ್ತು ಬಿಡಿ’ ಎಂದು ಮಾರುವವರು ಹೇಳಿದ್ದರು. ಈ ನವೀಕರಣವನ್ನೇ ಊರಲ್ಲಿ ಎಫ್‌ಸಿ ಎನ್ನುತ್ತಾರೆ. ಕಾರು–ಜೀಪಿನ ನವೀಕರಣಕ್ಕೆ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಗಾಡಿಗಳಿಗೆ 10,000 ಮಾಡಿತು. ತಡವಾದರೆ ತಿಂಗಳಿಗೆ 500 ಜಾಸ್ತಿ. ಅದರ ಮೇಲೆ ಹಸಿರು ತೆರಿಗೆ ಬೇರೆ.

ಇನ್ನು ವಿಮೆ. ಥರ್ಡ್ ಪಾರ್ಟಿ ವಿಮೆಯ ದರ ಗಾಡಿಯ ವಯಸ್ಸು ನೋಡಲ್ಲ, ಎಂಜಿನ್ ನೋಡುತ್ತದೆ. 1,000 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094, 1,500 ಸಿಸಿವರೆಗೆ 3,416, ಅದಕ್ಕೂ ಮೇಲೆ 7,897. ಜಿಎಸ್‌ಟಿ ಸೇರಿದರೆ ಈ ಜೀಪಿಗೆ 9,318 ರೂಪಾಯಿ. ಮೂವತ್ತು ಲಕ್ಷದ ದೊಡ್ಡ ಗಾಡಿಗೂ ಥರ್ಡ್ ಪಾರ್ಟಿ ದರ ಇಷ್ಟೇ. ‘ನಾವು ತೋಟದ ದಾರಿಲಿ ಮಾತ್ರ ಓಡಿಸೋದು, ವಿಮೆ ಯಾಕೆ’ ಎಂದು ಯಜಮಾನರು ಕೇಳಿದರು. ಈ ದಾರಿ ಪಂಚಾಯಿತಿಯದು, ಮೂರು ಮನೆಯವರು ಓಡಾಡುತ್ತಾರೆ. ವಿಮೆ ಇಲ್ಲದೆ ಅಲ್ಲಿ ಓಡಿಸುವಂತಿಲ್ಲ. ಜೀಪು ಯಜಮಾನರ ಹೆಸರಿಗೆ, ಸ್ವಿಫ್ಟ್ ಮಗನ ಹೆಸರಿಗೆ ಇದ್ದರೆ 15 ಲಕ್ಷದ ಮಾಲೀಕ–ಚಾಲಕ ಅಪಘಾತ ವಿಮೆಯನ್ನೂ ಇಬ್ಬರೂ ಬೇರೆಬೇರೆ ಮಾಡಿಸಬೇಕು. ಎರಡೂ ಗಾಡಿ ಒಬ್ಬರದೇ ಹೆಸರಲ್ಲಿದ್ದರೆ ಒಂದು ಸಾಕು.

ಎಲ್ಲ ಕೂಡಿದೆವು. ಬೆಲೆ 1,80,000. ನಾಲ್ಕು ಟೈರಿಗೆ 28,000. ಬ್ರೇಕು, ಕ್ಲಚ್ಚು, ಚಾಸಿ ವೆಲ್ಡಿಂಗಿಗೆ ನಾನು ಹೇಳಿದ್ದು 25,000. ಬ್ಯಾಟರಿ 7,000. ಆರ್‌ಸಿ 10,000. ವಿಮೆ 9,318. ಒಟ್ಟು 2,59,318 ರೂಪಾಯಿ. ಪ್ರೊಪೆಲ್ಲರ್ ಶಾಫ್ಟ್ ಇದರಲ್ಲಿ ಸೇರಿಲ್ಲ. ಆಮೇಲೆ ಪ್ರತಿ ವರ್ಷ ವಿಮೆ, ಸರ್ವಿಸು, ಎಮಿಷನ್ ಟೆಸ್ಟು ಸೇರಿ 25,000ದ ಹತ್ತಿರ. ಡೀಸೆಲ್ ಬೇರೆ.

ಜೀಪಿನ ಪರವಾಗಿ ಒಂದು ಮಾತು ಹೇಳಲೇಬೇಕು. ಮಲೆನಾಡಿನಲ್ಲಿ ಚೆನ್ನಾಗಿಟ್ಟುಕೊಂಡ ಜೀಪಿನ ಬೆಲೆ ಸುಲಭವಾಗಿ ಬೀಳಲ್ಲ. ಹಾಕಿದ ದುಡ್ಡಲ್ಲಿ ದೊಡ್ಡ ಪಾಲು ಮಾರುವಾಗ ವಾಪಸ್ಸು ಬರುತ್ತದೆ. ಹಾಗಾಗಿ ಇಡೀ ಎರಡೂವರೆ ಲಕ್ಷವನ್ನು ಖರ್ಚು ಎಂದು ನಾನು ಹಿಡಿಯಲಿಲ್ಲ. ಆದರೂ ವರ್ಷಕ್ಕೆ 25,000 ಕೊಟ್ಟು 14,600ರ ರಿಪೇರಿ ಉಳಿಸುವುದು ಯಾವ ಲೆಕ್ಕ?

ಹಳೇ ಆಲ್ಟೋ ಮಾತೂ ಬಂತು. 796 ಸಿಸಿ, ವಿಮೆ ಕಡಿಮೆ, ಗಾಡಿ ಹಗುರ. ಆದರೆ ಅದೂ ಮುಂದಿನ ಚಕ್ರದಿಂದಲೇ ಎಳೆಯುವುದು, ನೆಲದಿಂದ ಎತ್ತರವೂ ಸ್ವಿಫ್ಟ್‌ನಷ್ಟೇ. ಅದೇ ಏರಿನಲ್ಲಿ ಅದೂ ಸಿಕ್ಕಿಕೊಳ್ಳುತ್ತದೆ. ಜಿಪ್ಸಿ ಈ ಕೆಲಸಕ್ಕೆ ಬಹಳ ಒಳ್ಳೇ ಗಾಡಿ. ಆದರೆ ಕಂಪನಿ ಮಾಡುವುದು ನಿಲ್ಲಿಸಿದ ಮೇಲೆ ಚೆನ್ನಾಗಿರುವುದು ಕಡಿಮೆ ಬೆಲೆಗೆ ಸಿಗಲ್ಲ.

ಸೊಸೆ ಹೇಳಿದ್ದು

ಇಷ್ಟು ಹೊತ್ತು ಸುಮ್ಮನೆ ಕೂತಿದ್ದ ಸೊಸೆ ಆಗ ಮಾತಾಡಿದರು. ‘ಮಾವ, ಜೀಪು ತಂದ್ರೆ ದಿನಾ ಓಡಿಸೋಳು ನಾನು. ಬೆಳಗಿನ ಜಾವ ಮಂಜಲ್ಲಿ, ಮಗು ಕೂರಿಸ್ಕೊಂಡು. ನನಗೆ ಆ ಬ್ರೇಕಿನ ಮೇಲೆ ಧೈರ್ಯ ಇಲ್ಲ.’

‘ಟಾರ್ ರೋಡಿನವರೆಗೆ ನಾನೇ ಬಿಡ್ತೀನಿ ಕಣಮ್ಮ’ ಎಂದರು ಯಜಮಾನರು.

‘ಅಲ್ಲಿಂದ ಮುಂದೆ?’

ನನ್ನ ಮಟ್ಟಿಗೆ ಪ್ರಕರಣ ತಿರುಗಿದ್ದು ಇಲ್ಲಿ. ನಾವೆಲ್ಲ ಲೆಕ್ಕ ಹಾಕುತ್ತಿದ್ದದ್ದು ಗಾಡಿಗೆ ಆಗುವ ಪೆಟ್ಟನ್ನು. ಅವರು ಕೇಳಿದ್ದು ಗಾಡಿಯೊಳಗೆ ಕೂತವರ ಬಗ್ಗೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಅವರ ಸ್ವಿಫ್ಟ್‌ನಲ್ಲಿ ಅದಿದೆ, ಮುಂದೆ ಎರಡು ಏರ್‌ಬ್ಯಾಗ್ ಇವೆ, ಗಾಜಿನ ಹಬೆ ತೆಗೆಯುವ ವ್ಯವಸ್ಥೆ ಇದೆ. ಒದ್ದೆ ರಸ್ತೆಯಲ್ಲಿ ಗಾಬರಿಯಾಗಿ ಬ್ರೇಕ್ ತುಳಿದರೆ ಚಕ್ರ ಲಾಕ್ ಆಗಲ್ಲ, ಸ್ಟೇರಿಂಗ್ ಕೈಯಲ್ಲಿರುತ್ತದೆ. ಜೀಪಿನಲ್ಲಿ ಇವು ಯಾವುವೂ ಇಲ್ಲ. ಕ್ಯಾನ್ವಾಸ್ ಬಾಗಿಲು, ಸಣ್ಣ ವೈಪರ್. ನೀರು ಹೊಕ್ಕ ಡ್ರಮ್ ಬ್ರೇಕ್ ಸ್ವಲ್ಪ ಹೊತ್ತು ಹಿಡಿಯುವುದೇ ಇಲ್ಲ. ಹಳ್ಳ ದಾಟಿದ ಮೇಲೆ ನಿಧಾನವಾಗಿ ಹೋಗುತ್ತಾ ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಬೇಕು. ಹಳೇ ಡ್ರೈವರ್‌ಗಳಿಗೆ ಇದು ಗೊತ್ತು. ಹೊಸಬರಿಗೆ ಗೊತ್ತಾಗುವುದು ಬ್ರೇಕ್ ಹಿಡಿಯದಿದ್ದಾಗ.

ಅಂದರೆ ಜೀಪು ತಂದರೆ ಆಗುವುದೇನು? ಒಂದೂಕಾಲು ಕಿಲೋಮೀಟರ್ ಕೆಸರಿಗಾಗಿ, ಅದರ ಮುಂದಿನ ಮೂಡಿಗೆರೆವರೆಗಿನ ಟಾರ್ ರಸ್ತೆಯನ್ನೆಲ್ಲ ಕಡಿಮೆ ಸುರಕ್ಷಿತ ಗಾಡಿಯಲ್ಲಿ ಓಡಬೇಕು. ಮಂಜು, ತಿರುವು, ಎದುರಿಗೆ ಘಾಟಿ ಹತ್ತಿ ಬರುವ ಲಾರಿ, ಬಸ್ಸು. ಅದೂ ವರ್ಷದ ಅತಿ ಕೆಟ್ಟ ತಿಂಗಳುಗಳಲ್ಲಿ. ಒಳ್ಳೇ ಗಾಡಿ ಅದೇ ಹೊತ್ತಿಗೆ ಶೆಡ್ಡಿನಲ್ಲಿ.

ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿ ಹಾಗೇ ಚೆನ್ನಾಗಿರುತ್ತದೆ ಎನ್ನುವುದೂ ನಿಜವಲ್ಲ. ನಮ್ಮ ಮಳೆಗಾಲದ ಥಂಡಿಯಲ್ಲಿ ನಾಲ್ಕು ತಿಂಗಳು ನಿಂತರೆ ಸೀಟಿಗೆ ಬೂಷ್ಟು ಹಿಡಿಯುತ್ತದೆ, ಬ್ಯಾಟರಿ ಇಳಿಯುತ್ತದೆ, ಹ್ಯಾಂಡ್ ಬ್ರೇಕ್ ಎಳೆದೇ ಬಿಟ್ಟಿದ್ದರೆ ಹಿಂದಿನ ಡ್ರಮ್ ಕಚ್ಚಿಕೊಳ್ಳುತ್ತದೆ. ಇಲಿ ವೈರು ಕಡಿದು ಹಾಕಿದ ಗಾಡಿಗಳು ಪ್ರತಿ ವರ್ಷ ಗ್ಯಾರೇಜಿಗೆ ಬರುತ್ತವೆ.

2019ರ ಭಯ

ಯಜಮಾನರ ಮನಸ್ಸಿನಲ್ಲಿದ್ದದ್ದು ರಿಪೇರಿ ಬಿಲ್ಲಲ್ಲ. 2019ರ ಆಗಸ್ಟ್. ಆ ಆಶ್ಲೇಷ ಮಳೆಯಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದು ಮನೆ, ತೋಟ ಹೋದವು. ಚಾರ್ಮಾಡಿ ಘಾಟಿ ಮುಚ್ಚಿತು. ಆ ದಿನಗಳಲ್ಲಿ ಈ ಮನೆಯವರೂ ಹೊರಗೆ ಬರಲಾಗದೆ ಕೂತಿದ್ದರು. ಹೆಂಡತಿಗೆ ರಾತ್ರಿ ಎದೆನೋವು ಬಂದರೆ ಏನು ಮಾಡುವುದು ಎನ್ನುವ ಭಯ ಅವರಿಗೆ ಇನ್ನೂ ಹೋಗಿಲ್ಲ. ಆ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಜೀಪು ಬೇಡ ಎನ್ನುವವರು ಅದಕ್ಕೊಂದು ಉತ್ತರ ಕೊಡಲೇಬೇಕು.

ಆದರೆ ಅಂಥ ರಾತ್ರಿಯಲ್ಲಿ ಜೀಪು ಏನು ಮಾಡುತ್ತದೆ? ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರನ್ನು ತೇಲಿಸುತ್ತದೆ. ಎರಡಡಿ ಇದ್ದರೆ ಜೀಪಿನಂಥ ಗಾಡಿಯನ್ನೂ ಎಳೆದೊಯ್ಯಬಲ್ಲದು. ಮೋರಿಯ ಮೇಲೆ ನೀರು ಹರಿಯುವಾಗ ಫೋರ್ ವೀಲ್ ಇದ್ದರೂ ಇಳಿಯಬಾರದು. ಕೆಂಪು ನೀರಿನ ಕೆಳಗೆ ದಾರಿ ಇದೆಯೋ ಕೊಚ್ಚಿ ಹೋಗಿದೆಯೋ ಯಾರಿಗೆ ಗೊತ್ತು? ಘಾಟಿಯಲ್ಲಿ ಗುಡ್ಡ ಜಾರಿದರೆ ಎಲ್ಲ ಗಾಡಿಗೂ ಒಂದೇ ಗತಿ. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲೆಯಲ್ಲಿ ಮಣ್ಣು ಕುಸಿದು ಶಿರಾಡಿ ಘಾಟಿ ಬಂದ್ ಆದಾಗ ದೊಡ್ಡ ದೊಡ್ಡ ಗಾಡಿಗಳೂ ಸಾಲಾಗಿ ನಿಂತಿದ್ದವು.

ಆ ಭಯಕ್ಕೆ ನಿಜವಾದ ಉತ್ತರ ಮಳೆಗೆ ಮೊದಲೇ ಜಾಗ ಬದಲಿಸುವುದು. 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಜಾಸ್ತಿ ಬಿದ್ದರೆ ಹವಾಮಾನ ಇಲಾಖೆ ಅದನ್ನು ಅತಿ ಹೆಚ್ಚಿನ ಮಳೆಯ ಸಾಲಿಗೆ ಸೇರಿಸುತ್ತದೆ. ಅಂಥ ಮಳೆಯ ಮುನ್ಸೂಚನೆಯ ಜೊತೆಗೇ ರೆಡ್ ಅಲರ್ಟ್ ಬರುತ್ತದೆ. ಅಲರ್ಟ್ ಬಂದ ದಿನವೇ ಅತ್ತೆಯನ್ನು ಮೂಡಿಗೆರೆಯ ನೆಂಟರ ಮನೆಗೆ ಕಳಿಸುವುದು, ಒಂದು ತಿಂಗಳ ಮಾತ್ರೆ ಯಾವಾಗಲೂ ಮನೆಯಲ್ಲಿರುವುದು. ಇದನ್ನು ಹೇಳಿದ್ದೂ ಸೊಸೆಯೇ. ಅತ್ತೆ ಮೊದಲು ಒಪ್ಪಲಿಲ್ಲ. ‘ನಾನ್ಯಾಕೆ ಮನೆ ಬಿಟ್ಟು ಹೋಗ್ಲಿ’ ಎಂದರು. ಮೊಮ್ಮಗಳನ್ನೂ ಜೊತೆಗೆ ಕಳಿಸುವುದಾದರೆ ಆಗಬಹುದು ಎಂದರು ಆಮೇಲೆ.

ತೀರ್ಮಾನ

ಕೊನೆಗೆ ಜೀಪು ಬೇಡ ಎಂದಾಯಿತು. ಆ ದುಡ್ಡಿನ ಒಂದು ಭಾಗವನ್ನು ದಾರಿಗೇ ಹಾಕುವುದು ಎಂದಾಯಿತು. ತೊಂದರೆ ಇರುವುದು ಎರಡೇ ಜಾಗದಲ್ಲಿ ಎಂದು ಕಣ್ಣೆದುರಿಗೇ ಇದ್ದಾಗ ಇದು ಸಹಜವಾದ ದಾರಿ.

ಏರಿನಲ್ಲಿ ಚಕ್ರ ಹೋಗುವ ಕಡೆ ಎರಡು ಪಟ್ಟಿ ಕಾಂಕ್ರೀಟ್. ಪ್ರತಿ ಪಟ್ಟಿ ಎರಡಡಿ ಅಗಲ, ಐದಿಂಚು ದಪ್ಪ, ಇನ್ನೂರು ಅಡಿ ಉದ್ದ. ಒಟ್ಟು 333 ಘನ ಅಡಿ ಕಾಂಕ್ರೀಟ್ ಬೇಕು. ಮೇಲ್ಮೈಯನ್ನು ನೈಸ್ ಮಾಡದೆ ಅಡ್ಡಡ್ಡ ಗೀರು ಹಾಕಿಸಬೇಕು, ಇಲ್ಲದಿದ್ದರೆ ಪಾಚಿ ಕಟ್ಟಿ ಮಣ್ಣಿಗಿಂತ ಕೆಟ್ಟದಾಗಿ ಜಾರುತ್ತದೆ. ಏರಿನ ತಲೆಯಲ್ಲಿ ಅಡ್ಡ ಚರಂಡಿ ತೆಗೆದು ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ನನ್ನ ಕೇಳಿದರೆ ಕಾಂಕ್ರೀಟಿಗಿಂತ ಈ ಚರಂಡಿಯೇ ಮುಖ್ಯ. ಮಲೆನಾಡಿನಲ್ಲಿ ದಾರಿ ಹಾಳು ಮಾಡುವುದು ಚಕ್ರಕ್ಕಿಂತ ಜಾಸ್ತಿ ನೀರು. ಇದಕ್ಕೆಲ್ಲ ಮೇಸ್ತ್ರಿ ಹೇಳಿದ್ದು 85,000.

ಮೋರಿಗೆ ಪಕ್ಕದಲ್ಲಿ ಇನ್ನೊಂದು ಹ್ಯೂಮ್ ಪೈಪು, ಕೊಂಬೆ ತಡೆಯಲು ಸ್ವಲ್ಪ ಮೇಲೆ ಒಂದು ಸರಳಿನ ಅಡ್ಡಗಟ್ಟು, ಜೆಸಿಬಿ ಬಾಡಿಗೆ, ಎಲ್ಲ ಸೇರಿ 40,000. ಮಿಕ್ಕ ಕಡೆ ಗುಂಡಿಗೆ ಕಾಡುಕಲ್ಲು ತುಂಬಿಸಲು 20,000. ಒಟ್ಟು 1,45,000. ದಾರಿ ಬಳಸುವ ಮೂರೂ ಮನೆಯವರು ಹಂಚಿಕೊಳ್ಳಲು ಒಪ್ಪಿದ್ದಾರೆ, ತಲಾ 48,000 ಚಿಲ್ಲರೆ. ದಾರಿ ಪಂಚಾಯಿತಿಯದಾದ್ದರಿಂದ ಅಲ್ಲಿ ಅರ್ಜಿ ಕೊಟ್ಟು ಒಪ್ಪಿಗೆ ತೆಗೆದುಕೊಂಡೇ ಮುಂದಿನ ಕೆಲಸ. ಫೆಬ್ರುವರಿಯಲ್ಲಿ ಹಾಕಿಸಿದರೆ ಕಾಫಿ ಹೂ ಬಿಡಿಸುವ ಹೂಮಳೆಗೆ ಮೊದಲು ಕಾಂಕ್ರೀಟಿಗೆ ನೀರುಣಿಸಿ ಗಟ್ಟಿ ಮಾಡುವ ಕ್ಯೂರಿಂಗ್ ಮುಗಿಯುತ್ತದೆ.

ಸ್ವಿಫ್ಟ್‌ಗೆ ಮೇ ಕೊನೆಯಲ್ಲಿ ನಾಲ್ಕೂ ಹೊಸ ಟೈರು, 22,000. ವಿಮೆ ನವೀಕರಿಸುವಾಗ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಸೇರಿಸಲು ಹೇಳಿದ್ದೇನೆ. ಎಂಜಿನ್ನಿಗೆ ನೀರು ನುಗ್ಗಿದಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಈ ಕವರ್ ಇಲ್ಲದ ಸಾಮಾನ್ಯ ವಿಮೆ ಆ ನಷ್ಟಕ್ಕೆ ದುಡ್ಡು ಕೊಡಲ್ಲ. ಕವರ್ ಇದ್ದರೂ, ನೀರಲ್ಲಿ ಆಫ್ ಆದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ತಳ್ಳಿ ಹೊರಗೆ ತನ್ನಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಇನ್ನೂ ಒಂದು ವ್ಯವಸ್ಥೆ ಆಗಿದೆ. ಪುಷ್ಯ, ಆಶ್ಲೇಷ ಮಳೆ ಜೋರಾಗಿರುವ ದಿನಗಳಲ್ಲಿ ಸ್ವಿಫ್ಟನ್ನು ಮನೆಗೆ ತರದೆ ಟಾರ್ ರಸ್ತೆ ಪಕ್ಕದ ಪರಿಚಯದವರ ಶೆಡ್ಡಿನಲ್ಲಿ ನಿಲ್ಲಿಸುವುದು. ಮನೆಯಿಂದ ಅಲ್ಲಿವರೆಗೆ ಪಕ್ಕದ ತೋಟದವರ ಜೀಪು. ಡೀಸೆಲ್ ಇವರದು. ಆ ತೋಟದವರಿಗೆ ಜೀಪು ಇದ್ದೇ ಇದೆ, ಮತ್ತು ಅವರಿಗೆ ಅದು ಬೇಕೇ ಬೇಕು. ಅವರ ದಾರಿ ಗುಡ್ಡದ ಬೆನ್ನಿನ ಮೇಲೆ ಮೂರು ಕಿಲೋಮೀಟರ್ ಒಳಗೆ ಹೋಗುತ್ತದೆ. ಅಷ್ಟುದ್ದಕ್ಕೂ ಕಾಂಕ್ರೀಟ್ ಹಾಕಿಸಲು ಆಗುವ ಮಾತಲ್ಲ. ಅವರ ಜೀಪು ಮಳೆಗಾಲಕ್ಕೆ ಮಾತ್ರ ಅಲ್ಲ, ಕೊಯ್ಲಿನಲ್ಲಿ, ಗೊಬ್ಬರ ಹೊರುವಾಗ, ಬೋರ್ಡೋ ಔಷಧಿ ಸಿಂಪಡಿಸುವಾಗ, ವರ್ಷವಿಡೀ ದುಡಿಯುತ್ತದೆ. ಫೋರ್ ವೀಲ್ ಸರಿಯಿದೆ, ಓಡಿಸುವವರು ಅದರಲ್ಲೇ ಪಳಗಿದವರು. ಅಂಥ ಮನೆಯವರು ಬಂದು ಕೇಳಿದರೆ ನಾನು ಜೀಪು ಹುಡುಕಿ ಕೊಡುತ್ತೇನೆ, ಸ್ವಿಫ್ಟ್ ಬೇಕಾ ಎಂದು ಬೇಕಾದರೆ ಯೋಚಿಸಿ ಎನ್ನುತ್ತೇನೆ.

ಯಜಮಾನರಿಗೆ ಪೂರ್ತಿ ಸಮಾಧಾನ ಆಗಿಲ್ಲ. ಮುಂದಿನ ಮಳೆಗಾಲ ಕಳೆದ ಮೇಲೆ ಮತ್ತೆ ಕೂತು ನೋಡುವುದು ಎಂದು ಮಾತಾಗಿದೆ. ಕಾಂಕ್ರೀಟ್ ಹಾಕಿದ ಮೇಲೂ ಏರಿನಲ್ಲಿ ಗಾಡಿ ನಿಂತರೆ, ಅಥವಾ ಎರಡು ಪೈಪು ಇದ್ದೂ ಮೋರಿ ಮೇಲೆ ನೀರು ಬಂದರೆ, ಮೊದಲು ಮೋರಿ ಎತ್ತರಿಸುವ ಲೆಕ್ಕ, ಆಮೇಲೆ ಜೀಪಿನದು. ಅಲ್ಲಿಯವರೆಗೆ ಜಾಸ್ತಿ ಉಪಯೋಗಕ್ಕೆ ಬರುವುದು ಒಂದು ಮರ ಕೊಯ್ಯುವ ಯಂತ್ರ ಎಂದು ಮಗ ಹೇಳಿದರು. ಅದಕ್ಕೆ ಯಾರೂ ಎದುರು ಮಾತಾಡಲಿಲ್ಲ. ಈ ವರ್ಷ ಆ ದಾರಿ ಬಂದ್ ಆದದ್ದು ಕೆಸರಿಗಿಂತ ಜಾಸ್ತಿ ಸಲ ಬಿದ್ದ ಮರಕ್ಕೆ.